ಲ್ಯೂಕಾಸ್ ವೈಪರ್ ಮೋಟಾರು: ದೋಷದ ನೆಲೆ ಕುರಿತು ಒಂದು ಟಿಪ್ಪಣಿ

ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರುಗಳ ವೈಪರ್ ನಿಧಾನ, ಮಳೆ ಬಿರುಸಾದರೆ ನಿಂತೇಬಿಡುತ್ತದೆ, ಇದಕ್ಕೆಲ್ಲ ಲ್ಯೂಕಾಸ್ ಕಂಪನಿಯ ಮೋಟಾರೇ ಕಾರಣ ಎಂಬ ಮಾತು ಇಂಗ್ಲೆಂಡ್ ಮತ್ತು ಅಮೆರಿಕದ ಕಾರುಪ್ರಿಯರಲ್ಲಿ ಬಹುಕಾಲದಿಂದ ಬೇರೂರಿದೆ. ಬರ್ಮಿಂಗ್‌ಹ್ಯಾಮಿನಲ್ಲಿ ಈ ಕಂಪನಿಯನ್ನು ಕಟ್ಟಿದ ಜೋಸೆಫ್ ಲ್ಯೂಕಾಸರಿಗೆ 'ಕತ್ತಲೆಯ ರಾಜಕುಮಾರ' ಎಂಬ ಅಡ್ಡಹೆಸರು ಅಂಟಿಕೊಂಡದ್ದು ಇದೇ ಬಗೆಯ ದೂರುಗಳಿಂದ. ತಯಾರಕರೇ ಕೊಟ್ಟ ಅಳತೆಗಳನ್ನೂ ಯಂತ್ರದ ರಚನೆಯನ್ನೂ ಎದುರಿಗಿಟ್ಟುಕೊಂಡು ಆ ದೂರನ್ನು ಪರೀಕ್ಷಿಸುವುದು ಈ ಟಿಪ್ಪಣಿಯ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮೋಟಾರನ್ನು ಬಿಚ್ಚುವ ಮೊದಲು ಅದರ ಕರೆಂಟು ಮತ್ತು ವೇಗ ಎರಡನ್ನೂ ಅಳೆದು ನೋಡಿದರೆ, ಅದು ತಪ್ಪಿತಸ್ಥನೋ ಅಲ್ಲವೋ ಎಂಬುದು ಹೆಚ್ಚುಕಡಿಮೆ ಅಲ್ಲಿಯೇ ತೀರ್ಮಾನವಾಗುತ್ತದೆ. ಹಾಗೆ ಅಳೆಯದೆ ಮೋಟಾರಿನ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ.

ಉದಾಹರಣೆಗೆ ಎಂಜಿಬಿ ಕಾರನ್ನು ಆರಿಸಿಕೊಂಡಿದ್ದೇನೆ. ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರು ಐದು ಲಕ್ಷಕ್ಕೂ ಮೀರಿ ಹೊರಬಂದಿತು. ಆಯ್ಕೆಗೆ ಇನ್ನೂ ಬಲವಾದ ಕಾರಣವೆಂದರೆ ಲ್ಯೂಕಾಸ್‌ನ ಎರಡು ತಲೆಮಾರಿನ ಮೋಟಾರುಗಳು ಇದೊಂದೇ ಕಾರಿನಲ್ಲಿ ಒಂದರ ನಂತರ ಒಂದು ಬಂದಿರುವುದು. 1967ರವರೆಗಿನ ಕಾರುಗಳಲ್ಲಿ ಇರುವುದು ಒಂದೇ ವೇಗದ ಡಿಆರ್3ಎ. ಆಮೇಲಿನವುಗಳಲ್ಲಿ ಎರಡು ವೇಗದ 14ಡಬ್ಲ್ಯೂ. ಕಾರಿನ ಮೈಕಟ್ಟು, ಗಾಜು, ವೈಪರಿನ ದಾರಿ ಬಹುಪಾಲು ಹಾಗೆಯೇ ಉಳಿದು ಮೋಟಾರು ಮಾತ್ರ ಬದಲಾದುದರಿಂದ ಎರಡನ್ನೂ ಹೋಲಿಸಿ ನೋಡಲು ಅನುಕೂಲ. ಆಸ್ಟಿನ್-ಹೀಲಿ ಸ್ಪ್ರೈಟ್, ಎಂಜಿ ಮಿಡ್ಜೆಟ್, ಟ್ರಯಂಫ್ ಟಿಆರ್ ಮಾಲಿಕೆಯ ಕಾರುಗಳಲ್ಲೂ ಇದೇ ಮನೆತನದ ಮೋಟಾರುಗಳಿವೆ. ಹಾಗಾಗಿ ಇಲ್ಲಿ ಹೇಳಿದ್ದರಲ್ಲಿ ಹೆಚ್ಚಿನದು ಅವುಗಳಿಗೂ ಸಲ್ಲುತ್ತದೆ. ಅಳತೆಯ ಅಂಕಿಗಳು ಎಂಜಿಬಿಯ ಕಾರ್ಖಾನೆ ಕೈಪಿಡಿ ಎಕೆಡಿ 3259ರವು.

ಮೊದಲು ಚಲನೆಯ ದಾರಿಯನ್ನು ಗಮನಿಸಬೇಕು. ಮೋಟಾರಿನ ದಂಡದ ತುದಿಯಲ್ಲಿ ವರ್ಮ್ ಗೇರ್ ಇದೆ. ಅದು ಒಂದು ಹಲ್ಲುಚಕ್ರವನ್ನು ನಿಧಾನವಾಗಿ ತಿರುಗಿಸುತ್ತದೆ. ಚಕ್ರದ ಅಂಚಿಗೆ ಕೂರಿಸಿದ ಗೂಟಕ್ಕೆ ಒಂದು ಕೊಂಡಿ, ಕೊಂಡಿಯ ತುದಿಗೆ ಹಿಂದೆ ಮುಂದೆ ಜಾರುವ ಕ್ರಾಸ್‌ಹೆಡ್, ಕ್ರಾಸ್‌ಹೆಡ್‌ಗೆ ಸಿಕ್ಕಿಸಿದ ಉದ್ದನೆಯ ರ‍್ಯಾಕ್. ಈ ರ‍್ಯಾಕ್ ಒಂದು ಉಕ್ಕಿನ ಕೇಬಲ್. ಅದರ ಮೈಮೇಲೆ ತಂತಿಯನ್ನು ಬಿಡಿಬಿಡಿಯಾಗಿ ಸುರುಳಿ ಸುತ್ತಿರುವುದರಿಂದ ಆ ಸುರುಳಿಯೇ ಹಲ್ಲಿನ ಕೆಲಸ ಮಾಡುತ್ತದೆ. ರ‍್ಯಾಕ್ ಲೋಹದ ಕೊಳವೆಯೊಳಗೆ ಜಾರುತ್ತ ಡ್ಯಾಶ್‌ಬೋರ್ಡಿನ ಹಿಂದೆ ಹಾದುಹೋಗುತ್ತದೆ. ದಾರಿಯಲ್ಲಿ ಸಿಗುವ ಪ್ರತಿಯೊಂದು ವೀಲ್‌ಬಾಕ್ಸಿನಲ್ಲೂ ಒಂದು ಚಿಕ್ಕ ಹಲ್ಲುಚಕ್ರವಿದೆ. ರ‍್ಯಾಕ್ ಅದನ್ನು ಅತ್ತಿತ್ತ ಹೊರಳಿಸುತ್ತದೆ. ಆ ಚಕ್ರದ ಸ್ಪಿಂಡಲ್ ಮೇಲೆದ್ದು ಬಂದಲ್ಲಿ ವೈಪರಿನ ಕೈ ಕೂತಿರುತ್ತದೆ. ದೊಡ್ಡ ಹಲ್ಲುಚಕ್ರ ಒಂದು ಸುತ್ತು ಬಂದರೆ ಗಾಜಿನ ಮೇಲೆ ಒಂದು ಬಾರಿ ಹೋಗಿಬಂದಂತೆ.

ಮೋಟಾರಿನ ಬಲ ಗಾಜನ್ನು ಮುಟ್ಟುವ ಮೊದಲು ಇಷ್ಟು ಕಡೆ ಉಜ್ಜಿಕೊಂಡು ಬರಬೇಕು. ಇಡೀ ವಾದದ ಬುಡ ಇಲ್ಲಿದೆ. ಕೊಳವೆಯಲ್ಲಿ ತುಂಬಿದ ಗ್ರೀಸು ದಶಕಗಳ ಮೇಲೆ ತನ್ನ ಎಣ್ಣೆಯನ್ನು ಬಿಟ್ಟುಕೊಡುತ್ತದೆ; ಉಳಿಯುವುದು ಅದನ್ನು ಗಟ್ಟಿ ಮಾಡಲು ಬೆರೆಸಿದ ಸಾಬೂನಿನಂಥ ಪದಾರ್ಥ ಮಾತ್ರ. ಒಣಗಿದ ಮೇಣದ ಹಾಗೆ ಅದು ರ‍್ಯಾಕಿನ ಸುರುಳಿಯ ಸಂದುಗಳಲ್ಲಿ ಕಚ್ಚಿ ಕೂರುತ್ತದೆ. ಸ್ಪಿಂಡಲ್‌ನ ಸುತ್ತಲಿನ ರಬ್ಬರ್ ಒಡೆದರೆ ಮಳೆನೀರು ಅದರ ಗುಂಟ ಇಳಿದು ಬುಷ್ಷಿನಲ್ಲಿ ತುಕ್ಕು ಹಿಡಿಸುತ್ತದೆ. ಮೋಟಾರು ಕೈಗೆ ಸುಲಭವಾಗಿ ಸಿಗುವುದರಿಂದ ಜನ ಅದನ್ನು ಬಿಚ್ಚುತ್ತಾರೆ, ಹೊಸತು ಹಾಕುತ್ತಾರೆ. ವೀಲ್‌ಬಾಕ್ಸುಗಳು ಡ್ಯಾಶ್‌ಬೋರ್ಡಿನ ಹಿಂದಿನ ಇಕ್ಕಟ್ಟಿನಲ್ಲಿರುವುದರಿಂದ ಅವುಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಹೊಸ ಮೋಟಾರಿಗೂ ಅದೇ ಗತಿ ಬಂದಾಗ ಲ್ಯೂಕಾಸ್ ಹೆಸರಿಗೆ ಇನ್ನೊಂದು ಬೈಗುಳ ಸೇರುತ್ತದೆ.

ಕೈಪಿಡಿ ಇದನ್ನು ಮೊದಲೇ ಊಹಿಸಿ ಒಂದು ಪರೀಕ್ಷೆಯನ್ನು ಕೊಟ್ಟಿದೆ. ವೈಪರಿನ ಕೈಗಳನ್ನು ತೆಗೆದಿಡಿ. ಗೇರ್‌ಬಾಕ್ಸಿನ ಮುಚ್ಚಳ ತೆರೆದು ಕೊಂಡಿಯನ್ನು ಕಳಚಿ. ಕ್ರಾಸ್‌ಹೆಡ್‌ನ ತೂತಿಗೆ ಒಂದು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ರ‍್ಯಾಕನ್ನು ಎಳೆಯಿರಿ. ತಕ್ಕಡಿಯ ಮುಳ್ಳು 6 ಪೌಂಡ್, ಅಂದರೆ 2.7 ಕಿಲೋ ದಾಟಬಾರದು. ದಾಟಿದರೆ ದೋಷ ಕೊಳವೆ ಮತ್ತು ವೀಲ್‌ಬಾಕ್ಸುಗಳಲ್ಲಿದೆ; ಮೋಟಾರನ್ನು ಮುಟ್ಟುವ ಅಗತ್ಯವೇ ಇಲ್ಲ. ಬಜಾರಿನಲ್ಲಿ ಸಿಗುವ ಕೊಕ್ಕೆ ತಕ್ಕಡಿಯಿಂದ ಆಗುವ ಈ ಪರೀಕ್ಷೆ ಎಲ್ಲಕ್ಕಿಂತ ಮೊದಲು ನಡೆಯಬೇಕು ಎಂಬುದು ನನ್ನ ಒತ್ತಾಯ.

ತಕ್ಕಡಿ ಹೆಚ್ಚು ತೋರಿಸಿದರೆ ರ‍್ಯಾಕನ್ನು ಪೂರ್ತಿ ಹೊರಕ್ಕೆಳೆದು ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿಯ ಬ್ರಶ್ಶಿನಿಂದ ಸುರುಳಿಯ ಸಂದುಗಳನ್ನು ಬಿಡಿಸಿ ತೊಳೆಯಬೇಕು. ಕೊಳವೆಯೊಳಗೆ ದಾರಕ್ಕೆ ಕಟ್ಟಿದ ಬಟ್ಟೆಯನ್ನು ಎಳೆದಾಡಿಸಿ ಹಳೆಯ ಗ್ರೀಸನ್ನು ತೆಗೆಯಬೇಕು. ಕೊಳವೆ ಎಲ್ಲಾದರೂ ಜಜ್ಜಿದೆಯೇ, ಬಾಗು ತೀರಾ ಚೂಪಾಗಿದೆಯೇ, ಅದರ ಅರಳಿಸಿದ ತುದಿ ವೀಲ್‌ಬಾಕ್ಸಿನ ತಗಡುಗಳ ನಡುವೆ ನೇರವಾಗಿ ಕೂತಿದೆಯೇ ಎಂದು ನೋಡಬೇಕು. ವೀಲ್‌ಬಾಕ್ಸಿನ ನಟ್ಟುಗಳನ್ನು ಅತಿಯಾಗಿ ಬಿಗಿದರೆ ತಗಡು ಬಾಗಿ ರ‍್ಯಾಕನ್ನು ಅದುಮುತ್ತದೆ. ಹೊಸದಾಗಿ ರಿಪೇರಿ ಮಾಡಿದ ಕಾರಿನಲ್ಲಿ ವೈಪರ್ ಮೊದಲಿಗಿಂತ ನಿಧಾನವಾದರೆ ಮೊದಲ ಅನುಮಾನ ಇದರ ಮೇಲೆಯೇ ಹೋಗಬೇಕು.

ವೀಲ್‌ಬಾಕ್ಸಿನ ಸವೆತಕ್ಕೆ ಒಂದು ವಿಶೇಷವಿದೆ. ವೈಪರಿನ ಕೈ ಇಡೀ ಸುತ್ತು ತಿರುಗುವುದಿಲ್ಲ. ವೃತ್ತದ ಮೂರನೇ ಒಂದು ಭಾಗದ ಆಸುಪಾಸಿನಲ್ಲೇ ಅತ್ತಿತ್ತ ಓಡಾಡುತ್ತದೆ. ಆದ್ದರಿಂದ ಒಳಗಿನ ಚಿಕ್ಕ ಹಲ್ಲುಚಕ್ರದಲ್ಲಿ ಸವೆಯುವುದೂ ಅಷ್ಟೇ ಭಾಗ. ಉಳಿದ ಹಲ್ಲುಗಳು ಐವತ್ತು ವರ್ಷದ ಮೇಲೂ ಹೊಸದರಂತಿರುತ್ತವೆ. ಸ್ಪಿಂಡಲನ್ನು ಎತ್ತಿ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದರೆ ರ‍್ಯಾಕಿಗೆ ಬಳಕೆಯಾಗದ ಹಲ್ಲುಗಳು ಸಿಗುತ್ತವೆ. ವೈಪರಿನ ಕೈ ಸಣ್ಣ ಗೀರುಗಳಿರುವ ತಲೆಯ ಮೇಲೆ ಯಾವ ಕೋನದಲ್ಲಾದರೂ ಕೂರುವುದರಿಂದ ಅದಕ್ಕೆ ತೊಂದರೆಯಿಲ್ಲ. ರ‍್ಯಾಕ್ ಕೂಡ ಒಂದೇ ಮಗ್ಗುಲಲ್ಲಿ ಸವೆದಿರುತ್ತದೆ. ಅದನ್ನೂ ಮಗ್ಗುಲು ಬದಲಿಸಿ ಹಾಕಬಹುದು. ಕೈಯಿಂದ ಅಲ್ಲಾಡಿಸಿದಾಗ ವೈಪರಿನ ತುದಿ ಸಡಿಲವಾಗಿ ಆಡುವುದು, ಎರಡು ವೈಪರುಗಳಲ್ಲಿ ಒಂದು ಹಿಂದೆ ಬೀಳುವುದು, ಹೊರಳುವಾಗ ಗಾಜಿನ ಚೌಕಟ್ಟಿಗೆ ಬಡಿಯುವುದು ಇವೆಲ್ಲ ಈ ಸವೆತದ ಗುರುತುಗಳು. ಖರ್ಚಿಲ್ಲದೆ ಇವನ್ನು ಸರಿಪಡಿಸುವ ಉಪಾಯ ಯಂತ್ರದ ರಚನೆಯಲ್ಲೇ ಇರುವುದು ನನಗೆ ತುಂಬ ಮೆಚ್ಚುಗೆಯಾದ ಸಂಗತಿ.

ಮೋಟಾರು ನಿಜವಾಗಿ ನಿಧಾನವೇ ಎಂದು ನೋಡಲು ಒಂದು ಅಳತೆಗೋಲು ಬೇಕು; ಅದಕ್ಕಾಗಿ ಇಲ್ಲಿ ಅಮೆರಿಕದ ಕಾನೂನಿನ ಪ್ರಸ್ತಾಪ ಅಗತ್ಯ. 1968ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿನ ವಾಹನ ಸುರಕ್ಷತಾ ಮಾನದಂಡ 104 ವೈಪರಿಗೆ ಕನಿಷ್ಠ ಎರಡು ವೇಗ ಇರಬೇಕೆಂದು ವಿಧಿಸಿತು. ಹೆಚ್ಚಿನ ವೇಗ ನಿಮಿಷಕ್ಕೆ 45 ಆವರ್ತನಗಳಿಗೆ ಕಡಿಮೆಯಿರಬಾರದು, ಕಡಿಮೆ ವೇಗ 20ಕ್ಕೆ ಇಳಿಯಬಾರದು, ಎರಡರ ನಡುವೆ ಕನಿಷ್ಠ 15ರ ಅಂತರವಿರಬೇಕು, ಎಂಜಿನ್ ಹೇಗೇ ಓಡುತ್ತಿದ್ದರೂ ಈ ಅಂಕಿಗಳು ಉಳಿಯಬೇಕು. ಎಂಜಿನ್ನಿನ ಹೀರುಬಲದಿಂದ ಓಡುತ್ತಿದ್ದ, ಏರು ಹತ್ತುವಾಗ ನಿಂತುಬಿಡುತ್ತಿದ್ದ ವೈಪರುಗಳ ಕಾಲ ಇನ್ನೂ ಮುಗಿದಿರದಿದ್ದುದೇ ಕೊನೆಯ ಮಾತಿಗೆ ಕಾರಣ. ಗಾಜಿನ ಎಷ್ಟು ಭಾಗ ಒರೆಸಬೇಕೆಂಬ ನಿಯಮವೂ ಅದರಲ್ಲಿತ್ತು. ಎಂಜಿಬಿಯ ಗಾಜು ಗಿಡ್ಡ ಮತ್ತು ಅಗಲವಾದ್ದರಿಂದ ಅಮೆರಿಕಕ್ಕೆ ಹೋಗುವ ಕಾರುಗಳಿಗೆ ಮೂರು ವೈಪರು ಕೂರಿಸಬೇಕಾಯಿತು.

ಈಗ ಕೈಪಿಡಿಯ ಅಂಕಿಗಳನ್ನು ನೋಡೋಣ. ಹಳೆಯ ಡಿಆರ್3ಎಗೆ ಕೊಟ್ಟ ವೇಗ ನಿಮಿಷಕ್ಕೆ 45ರಿಂದ 50. ಅಂದರೆ 1962ರ ಮೋಟಾರು 1968ರ ಕಾನೂನು ಕೇಳಿದ ಮೇಲಿನ ವೇಗವನ್ನು ಆಗಲೇ ಮುಟ್ಟಿತ್ತು. ಅದರ ಕೊರತೆ ಎರಡನೆಯ ವೇಗ ಇಲ್ಲದಿರುವುದೇ ಹೊರತು ನಿಧಾನವಲ್ಲ. 14ಡಬ್ಲ್ಯೂ ಮೋಟಾರಿಗೆ ರ‍್ಯಾಕ್ ಕಳಚಿದಾಗಿನ ವೇಗ ಕೆಳಗಿನದು 46ರಿಂದ 52, ಮೇಲಿನದು 60ರಿಂದ 70. ನಡುವಿನ ಅಂಕಿಗಳನ್ನು ಹಿಡಿದರೆ ಅಂತರ 16. ಕಾನೂನು ಕೇಳಿದ್ದಕ್ಕಿಂತ ಒಂದೇ ಒಂದು ಹೆಚ್ಚು. ನಿಯಮವನ್ನು ಕಣ್ಣೆದುರಿಗಿಟ್ಟುಕೊಂಡೇ ಈ ಅಂತರವನ್ನು ನಿಗದಿ ಮಾಡಿದರೆಂದು ಊಹಿಸಲು ಅವಕಾಶವಿದೆ. ಆದರೆ ಮೂರು ವೈಪರೆಂದರೆ ಮೂರು ವೀಲ್‌ಬಾಕ್ಸು, ಅಷ್ಟೇ ಹೆಚ್ಚಿನ ಉಜ್ಜಾಟ. ಅಮೆರಿಕದ ಒಡೆಯರ ದೂರು ಜೋರಾಗಿ ಕೇಳಿಬರುವುದಕ್ಕೆ ಇದೂ ಒಂದು ಕಾರಣವಿರಬಹುದು.

ದೋಷ ರ‍್ಯಾಕಿನಲ್ಲಿಲ್ಲವೆಂದು ತಕ್ಕಡಿ ಹೇಳಿದ ಮೇಲೆ ಮೋಟಾರಿನ ಪರೀಕ್ಷೆಗೆ ಬರಬೇಕು. ರ‍್ಯಾಕ್ ಕಳಚಿಟ್ಟು, ತುಂಬಿದ ಬ್ಯಾಟರಿಗೆ ಜೋಡಿಸಿ, ನಡುವೆ ಅಮ್ಮೀಟರ್ ಹಾಕಿ ಓಡಿಸಿ. ಹಲ್ಲುಚಕ್ರ ನಿಮಿಷಕ್ಕೆ ಎಷ್ಟು ಸುತ್ತು ಬರುತ್ತದೆಂದು ಗಡಿಯಾರ ನೋಡಿ ಎಣಿಸಿ. ಡಿಆರ್3ಎ ಸೆಳೆಯಬೇಕಾದ ಕರೆಂಟು 2.7ರಿಂದ 3.4 ಆಂಪಿಯರ್. 14ಡಬ್ಲ್ಯೂ ಕೆಳಗಿನ ವೇಗದಲ್ಲಿ 1.5, ಮೇಲಿನ ವೇಗದಲ್ಲಿ 2 ಆಂಪಿಯರ್.

ಎರಡೂ ಅಂಕಿ ಸರಿಯಿದ್ದರೆ ಮೋಟಾರು ನಿರ್ದೋಷಿ. ವೇಗವೂ ಕಡಿಮೆ, ಕರೆಂಟೂ ಕಡಿಮೆ ಎಂದಾದರೆ ದಾರಿಯಲ್ಲೆಲ್ಲೋ ಅಡ್ಡಿಯಿದೆ: ಕಾರ್ಬನ್ ಸವೆದು ಕಮ್ಯುಟೇಟರನ್ನು ಸರಿಯಾಗಿ ಒತ್ತುತ್ತಿಲ್ಲ, ಕಮ್ಯುಟೇಟರಿನ ಮೇಲೆ ಕರಿ ಕೂತಿದೆ, ಇಲ್ಲವೇ ವೈರಿನ ಜೋಡಣೆಗೆ ಕಿಲುಬು ಹಿಡಿದಿದೆ. ವೇಗ ಕಡಿಮೆಯಾಗಿ ಕರೆಂಟು ಹೆಚ್ಚಾದರೆ ಒಳಗೆ ಏನೋ ಹಿಡಿಯುತ್ತಿದೆ ಅಥವಾ ಆರ್ಮೇಚರಿನ ಸುರುಳಿ ಶಾರ್ಟ್ ಆಗಿದೆ.

ಡಿಆರ್3ಎ ವಿಷಯದಲ್ಲಿ ಅಮ್ಮೀಟರ್ ಇನ್ನೂ ಸೂಕ್ಷ್ಮವಾದ ಸುದ್ದಿ ಹೇಳುತ್ತದೆ. ಇದು ಶಂಟ್ ಮೋಟಾರು, ಅಂದರೆ ಫೀಲ್ಡ್ ಕಾಯಿಲ್ ಆರ್ಮೇಚರಿಗೆ ಸಮಾಂತರವಾಗಿ ನಿಂತಿದೆ. ಫೀಲ್ಡ್ ಕಾಯಿಲಿನ ರೋಧ 8ರಿಂದ 9.5 ಓಮ್. 12 ವೋಲ್ಟಿಗೆ ಲೆಕ್ಕ ಹಾಕಿದರೆ ಫೀಲ್ಡ್ ಒಂದೇ ಸುಮಾರು 1.3ರಿಂದ 1.5 ಆಂಪಿಯರ್ ತೆಗೆದುಕೊಳ್ಳುತ್ತದೆ. ಹಗುರವಾಗಿ ಓಡುವಾಗ ಒಟ್ಟು ಕರೆಂಟಿನಲ್ಲಿ ಅರ್ಧದ ಹತ್ತಿರ ಅದರದೇ ಪಾಲು. ಇದರಿಂದ ಕೈಪಿಡಿ ಬಿಡಿಸಿ ಹೇಳದ ಒಂದು ಪರೀಕ್ಷೆ ಹೊಳೆಯುತ್ತದೆ. ಮೋಟಾರು ಅಲುಗದೆ ಅಮ್ಮೀಟರ್ ಸೊನ್ನೆ ತೋರಿಸಿದರೆ ಫ್ಯೂಸ್, ಸ್ವಿಚ್ ಅಥವಾ ವೈರನ್ನು ಹುಡುಕಿ. ಮೋಟಾರು ಅಲುಗದೆ ಒಂದೂವರೆ ಆಂಪಿಯರಿನ ಆಸುಪಾಸು ತೋರಿಸಿದರೆ ಫೀಲ್ಡ್ ಜೀವಂತವಾಗಿದೆ, ಆರ್ಮೇಚರಿಗೆ ಕರೆಂಟು ಹೋಗುತ್ತಿಲ್ಲ ಎಂದರ್ಥ. ಬಹುಮಟ್ಟಿಗೆ ಕಾರ್ಬನ್ ಅಂಟಿಕೊಂಡಿರುತ್ತದೆ. ಮೋಟಾರು ಅಲುಗದೆ ಕರೆಂಟು ತೀರಾ ಹೆಚ್ಚಾಗಿ ಫ್ಯೂಸ್ ಹೋಗುತ್ತಿದ್ದರೆ ಫೀಲ್ಡ್ ಕಡಿದಿರಬಹುದು, ಇಲ್ಲವೇ ದಂಡ ಬಿಗಿದು ನಿಂತಿರಬಹುದು. ಇನ್ನೊಂದು ಬಗೆಯೂ ಇದೆ: ಮೇಜಿನ ಮೇಲೆ ಬೇಕಾದ್ದಕ್ಕಿಂತ ಚುರುಕಾಗಿ ಓಡುವ ಮೋಟಾರು ಗಾಜಿನ ಭಾರ ಬಿದ್ದ ತಕ್ಷಣ ಸೋಲುತ್ತದೆ. ಫೀಲ್ಡಿನ ಕಾಂತಕ್ಷೇತ್ರ ದುರ್ಬಲವಾದರೆ ಶಂಟ್ ಮೋಟಾರು ವರ್ತಿಸುವುದೇ ಹೀಗೆ. ಮೇಜಿನ ಮೇಲಿನ ಚುರುಕನ್ನು ಆರೋಗ್ಯವೆಂದು ತಿಳಿದು ಕಾರಿಗೆ ಹಾಕಿದವರು ಮತ್ತೆ ಬಿಚ್ಚಬೇಕಾಗುತ್ತದೆ. ಕಾಯಿಲಿನ ರೋಧ 8 ಓಮಿಗಿಂತ ಕಡಿಮೆ ಬಂದರೆ ಅದನ್ನು ವೈಂಡಿಂಗ್ ಮಾಡುವವರಿಗೆ ಕೊಡುವುದೇ ಸರಿ.

ಡಿಆರ್3ಎ ಕಾರುಗಳ ವೈರಿಂಗಿನಲ್ಲಿ ಹಲವರನ್ನು ದಾರಿ ತಪ್ಪಿಸುವ ಒಂದು ಅಂಶವಿದೆ. ಫ್ಯೂಸಿನಿಂದ ಬರುವ ಹಸಿರು ವೈರು ನೇರ ಮೋಟಾರಿಗೆ ಹೋಗುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ಚು ಕೂತಿರುವುದು ಅರ್ಥಿನ ಕಡೆ. ಸ್ವಿಚ್ ಒತ್ತಿದಾಗ ಮೋಟಾರಿನಿಂದ ಬಂದ ವೈರು ಅರ್ಥ್ ಆಗುತ್ತದೆ, ಆಗ ಸರ್ಕೀಟು ಪೂರ್ತಿಯಾಗುತ್ತದೆ. ಮೋಟಾರು ಸತ್ತಂತಿದ್ದರೆ ಅದರ ಮೈಗೆ ಹೊಸ ಅರ್ಥ್ ವೈರು ಎಳೆಯುವ ಅಭ್ಯಾಸ ಎಲ್ಲ ಕಡೆ ಇದೆ. ಇಲ್ಲಿ ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಕಡಿದಿರುವ ಅರ್ಥ್ ಸ್ವಿಚ್ಚಿನದು. ಸ್ವಿಚ್ಚಿಗೆ ಬರುವ ಮೋಟಾರಿನ ವೈರನ್ನು ಒಂದು ತುಂಡು ವೈರಿನಿಂದ ಕಾರಿನ ಲೋಹದ ಮೈಗೆ ಮುಟ್ಟಿಸಿ ನೋಡಿ. ಮೋಟಾರು ಓಡಿದರೆ ಸ್ವಿಚ್ಚು ಅಥವಾ ಅದರ ಕಪ್ಪು ವೈರು ಕೆಟ್ಟಿದೆ. ಮೋಟಾರನ್ನು ಬಿಚ್ಚುವ ಮಾತೇ ಇಲ್ಲ.

ಅರ್ಥಿನ ದಾರಿ ಇನ್ನೂ ಒಂದಿದೆ. ಗೇರ್‌ಬಾಕ್ಸಿನ ಮೇಲಿರುವ ಲಿಮಿಟ್ ಸ್ವಿಚ್ಚು, ವೈಪರು ಮಲಗುವ ಜಾಗಕ್ಕೆ ಬರುವವರೆಗೆ ತಾನೇ ಅರ್ಥ್ ಕೊಡುತ್ತಿರುತ್ತದೆ. ಸ್ವಿಚ್ ಆರಿಸಿದ ಮೇಲೂ ವೈಪರು ಕೆಳಗೆ ಬಂದು ನಿಲ್ಲುವುದು ಅದರ ದೆಸೆಯಿಂದ. ಆರಿಸಿದ ಕೂಡಲೇ ಗಾಜಿನ ನಡುವೆಯೇ ನಿಂತರೆ ಈ ಲಿಮಿಟ್ ಸ್ವಿಚ್ಚು ಮುಟ್ಟುತ್ತಿಲ್ಲ. ಆರಿಸಿದರೂ ನಿಲ್ಲದೆ ಓಡುತ್ತಿದ್ದರೆ ಅದು ಬಿಡುತ್ತಿಲ್ಲ, ಇಲ್ಲವೇ ಮೋಟಾರಿನಿಂದ ಸ್ವಿಚ್ಚಿಗೆ ಹೋಗುವ ವೈರು ದಾರಿಯಲ್ಲಿ ಎಲ್ಲೋ ಮೈ ಸವೆದು ಲೋಹವನ್ನು ಮುಟ್ಟುತ್ತಿದೆ. ನಿಲ್ಲುವ ಜಾಗ ತಪ್ಪಿದ್ದರೆ ಗೇರ್‌ಬಾಕ್ಸಿನ ಮುಚ್ಚಳದ ನಾಲ್ಕು ಸ್ಕ್ರೂಗಳನ್ನು ಸಡಿಲಿಸಿ, ಲಿಮಿಟ್ ಸ್ವಿಚ್ಚಿನ ಅಂಚಿನಲ್ಲಿರುವ ಮೂತಿಯನ್ನು ಮುಚ್ಚಳದ ತೋಡಿನ ನೇರಕ್ಕೆ ತಂದು, ಅಲ್ಲಿಂದ ಗಡಿಯಾರದ ವಿರುದ್ಧ ದಿಕ್ಕಿಗೆ 25 ಡಿಗ್ರಿ ತಿರುಗಿಸಿ ಬಿಗಿಯಬೇಕೆಂದು ಕೈಪಿಡಿ ಹೇಳುತ್ತದೆ. ವೈಪರು ಎದುರು ಬದಿಗೆ ಮಲಗಬೇಕಾದ ಕಾರಿಗೆ 180 ಡಿಗ್ರಿ ಹೊರಳಿಸಿದರಾಯಿತು.

ಧನ ಧ್ರುವವನ್ನು ಅರ್ಥ್ ಮಾಡುತ್ತಿದ್ದ ಪದ್ಧತಿಯನ್ನು ಎಂಜಿಬಿ 1967ರಲ್ಲಿ ಕೈಬಿಟ್ಟಿತು. ಹಳೆಯ ಕಾರನ್ನು ಈಗಿನ ಪದ್ಧತಿಗೆ ಬದಲಿಸುವವರು ವೈಪರಿನ ವೈರುಗಳನ್ನೂ ಅದಲುಬದಲು ಮಾಡಬೇಕೇ ಎಂದು ಕೇಳುತ್ತಾರೆ. ಬೇಕಿಲ್ಲ. ಡಿಆರ್3ಎಯಲ್ಲಿ ಫೀಲ್ಡ್ ಮತ್ತು ಆರ್ಮೇಚರ್ ಎರಡರ ಕರೆಂಟೂ ಒಟ್ಟಿಗೆ ತಿರುಗುವುದರಿಂದ ಮೋಟಾರು ಮೊದಲಿನ ದಿಕ್ಕಿಗೇ ಓಡುತ್ತದೆ.

14ಡಬ್ಲ್ಯೂ ಬೇರೆ ಜಾತಿಯದು. ಫೀಲ್ಡ್ ಕಾಯಿಲಿನ ಬದಲು ಅದರ ಕವಚದೊಳಗೆ ಶಾಶ್ವತ ಅಯಸ್ಕಾಂತಗಳಿವೆ. ಕಾರ್ಬನ್‌ಗಳು ಮೂರು: ಎರಡು ಎದುರುಬದುರಾಗಿ, ಮೂರನೆಯದು ಓರೆಯಲ್ಲಿ. ಓರೆಯ ಕಾರ್ಬನ್ನಿಗೆ ಕರೆಂಟು ಕೊಟ್ಟಾಗ ಆರ್ಮೇಚರಿನ ಸುತ್ತುಗಳಲ್ಲಿ ಕೆಲವು ಮಾತ್ರ ಕೆಲಸಕ್ಕೆ ಬರುತ್ತವೆ, ಎದುರು ಹುಟ್ಟುವ ವೋಲ್ಟೇಜು ಕಡಿಮೆಯಾಗುತ್ತದೆ, ಅದನ್ನು ಸರಿದೂಗಿಸಲು ಮೋಟಾರು ಹೆಚ್ಚು ವೇಗವಾಗಿ ತಿರುಗಲೇಬೇಕು. ಎರಡನೆಯ ವೇಗ ಬಂದದ್ದು ಇಷ್ಟು ಸರಳ ಉಪಾಯದಿಂದ. ಕೆಳಗಿನ ವೇಗ ಸರಿಯಿದ್ದು ಮೇಲಿನದು ಮಾತ್ರ ಹೋಗಿದ್ದರೆ ಈ ಮೂರನೆಯ ಕಾರ್ಬನ್ ಅಥವಾ ಅದರ ವೈರಿನ ಮೇಲೆ ಅನುಮಾನ ಪಡಬೇಕು. ಆ ಕಾರ್ಬನ್ನಿನ ತುದಿ ಕಿರಿದಾಗಿದ್ದು ಬುಡ ಅಗಲವಾಗಿದೆ. ಕಿರಿದಾದ ಭಾಗ ಸವೆದು ಅಗಲವಾದ ಬುಡ ತಾಗತೊಡಗಿದರೆ ಬದಲಿಸಲೇಬೇಕು. ಉಳಿದ ಕಾರ್ಬನ್‌ಗಳಿಗೆ ಕನಿಷ್ಠ ಉದ್ದ 4.8 ಮಿಮೀ.

ಇದರಲ್ಲಿ ಸ್ವಿಚ್ಚು ಇರುವುದು ಕರೆಂಟು ಬರುವ ಕಡೆ. ಮೋಟಾರು ರಬ್ಬರಿನ ಹಾಸಿನ ಮೇಲೆ ಪಟ್ಟಿಯಿಂದ ಬಿಗಿದಿರುವುದರಿಂದ ಅದರ ಮೈಗೆ ಕಾರಿನ ಅರ್ಥ್ ತಾನಾಗಿ ಸಿಗುವುದಿಲ್ಲ. ಕಪ್ಪು ವೈರೊಂದೇ ಗತಿ. ಹಾಗಾಗಿ ಹಳೆಯ ಮೋಟಾರಿನಲ್ಲಿ ವ್ಯರ್ಥವೆಂದ ಅರ್ಥ್ ಪರೀಕ್ಷೆ ಇಲ್ಲಿ ಮೊದಲು ಮಾಡಬೇಕಾದದ್ದು. ನಿಲ್ಲುವ ವ್ಯವಸ್ಥೆಯೂ ಹೆಚ್ಚು ಜಾಣತನದ್ದು. ಸ್ವಿಚ್ ಆರಿಸಿದಾಗ ಕೆಳಗಿನ ವೇಗದ ವೈರು ಗೇರ್‌ಬಾಕ್ಸಿನ ಒಳಸ್ವಿಚ್ಚಿಗೆ ಸೇರುತ್ತದೆ. ವೈಪರು ಜಾಗಕ್ಕೆ ಬರುವವರೆಗೆ ಒಳಸ್ವಿಚ್ಚು ಅದಕ್ಕೆ ಕರೆಂಟು ಕೊಡುತ್ತದೆ, ಬಂದ ಮೇಲೆ ಅದೇ ವೈರನ್ನು ಅರ್ಥಿಗೆ ಮುಟ್ಟಿಸುತ್ತದೆ. ತಿರುಗುತ್ತಿರುವ ಆರ್ಮೇಚರಿನ ಎರಡು ಕಡೆ ಹೀಗೆ ಕೂಡಿದಾಗ ಅದು ತನ್ನನ್ನು ತಾನೇ ತಡೆದು ಥಟ್ಟನೆ ನಿಲ್ಲುತ್ತದೆ. ಅರ್ಥಿನ ಸ್ಪರ್ಶಕ್ಕೆ ಕರಿ ಹಿಡಿದರೆ ಈ ತಡೆ ಸಿಗುವುದಿಲ್ಲ. ವೈಪರು ಜಾಗ ದಾಟಿ ಹೋಗಿ, ಮತ್ತೆ ಕರೆಂಟು ಸಿಕ್ಕಿ, ಇನ್ನೊಂದು ಸುತ್ತು ಹೊರಡುತ್ತದೆ. ಆರಿಸಿದರೂ ನಿಲ್ಲದ 14ಡಬ್ಲ್ಯೂ ಮೋಟಾರಿಗೆ ಹಲವು ಬಾರಿ ಇಷ್ಟೇ ರೋಗ. ಒಳಸ್ವಿಚ್ಚು ಒಂದೇ ಬಿಡಿಭಾಗವಾಗಿ ಜಾರಿ ಹೊರಬರುವುದರಿಂದ ಬದಲಿಸುವುದೂ ಸುಲಭ.

ಮೋಟಾರನ್ನು ಬಿಚ್ಚಲೇಬೇಕಾಗಿ ಬಂದರೆ ಕೆಲವು ಎಚ್ಚರಿಕೆಗಳಿವೆ. 14ಡಬ್ಲ್ಯೂ ಕವಚ ಮತ್ತು ಗೇರ್‌ಬಾಕ್ಸು ಸೇರುವಲ್ಲಿ ಗುರುತು ಹಾಕಿಕೊಂಡೇ ತೆರೆಯಬೇಕು. ಕವಚವನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಅಯಸ್ಕಾಂತದ ಧ್ರುವಗಳು ಅದಲುಬದಲಾಗಿ ಮೋಟಾರು ಹಿಂದುಮುಂದಾಗಿ ಓಡುತ್ತದೆ. ಕೆಲಸದ ಮೇಜು ಸ್ವಚ್ಛವಾಗಿರಬೇಕು, ಇಲ್ಲವಾದರೆ ಕಬ್ಬಿಣದ ಪುಡಿಯೆಲ್ಲ ಅಯಸ್ಕಾಂತಕ್ಕೆ ಅಂಟಿ ಒಳಗೆ ಹೋಗುತ್ತದೆ. ಕವಚವನ್ನು ಸುತ್ತಿಗೆಯಿಂದ ತಟ್ಟುವುದು, ಕೆಳಗೆ ಬೀಳಿಸುವುದು ಸಲ್ಲದು. ಕಮ್ಯುಟೇಟರನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಮಾನ್ಯವಾಗಿ ಸಾಕು. ಬೇಕೇಬೇಕೆಂದರೆ ತೀರಾ ನಯವಾದ ಸ್ಯಾಂಡ್ ಪೇಪರ್. ಎಮರಿ ಕಾಗದ ಬೇಡ, ಅದರ ಗಟ್ಟಿ ಹರಳು ತಾಮ್ರದಲ್ಲಿ ನೆಟ್ಟುಕೊಂಡು ಕಾರ್ಬನ್ನನ್ನು ತಿನ್ನುತ್ತದೆ. ಪಟ್ಟಿಗಳ ನಡುವಿನ ಸಂದುಗಳಲ್ಲಿ ತುಂಬಿದ ಕಾರ್ಬನ್ ಪುಡಿಯನ್ನು ಮೊನೆಯಿಂದ ತೆಗೆಯಬೇಕು. 14ಡಬ್ಲ್ಯೂ ಆರ್ಮೇಚರಿನ ಪಕ್ಕಪಕ್ಕದ ಪಟ್ಟಿಗಳ ನಡುವಿನ ರೋಧ 0.23ರಿಂದ 0.35 ಓಮ್ ಇರಬೇಕೆಂಬುದು ಕೈಪಿಡಿಯ ಲೆಕ್ಕ. ಸಾಧಾರಣ ಮಲ್ಟಿಮೀಟರ್ ಇಷ್ಟು ಸಣ್ಣ ಅಂಕಿಯನ್ನು ನಂಬುವಂತೆ ತೋರಿಸುವುದಿಲ್ಲ. ಆದ್ದರಿಂದ ಒಂದೇ ಸಮನಾದ ಕರೆಂಟು ಹರಿಸಿ ಪ್ರತಿ ಜೋಡಿಯ ವೋಲ್ಟೇಜನ್ನು ಹೋಲಿಸುವುದು ಒಳ್ಳೆಯದು. ಬೇರೆಯವಕ್ಕಿಂತ ಬಹಳ ಕಡಿಮೆ ಬಂದ ಜೋಡಿಯಲ್ಲಿ ಶಾರ್ಟ್ ಇದೆ.

ಹೆಚ್ಚಿನವರು ಮರೆಯುವ ಅಳತೆ ದಂಡದ ಉದ್ದುದ್ದದ ಸಡಿಲ. ಡಿಆರ್3ಎಗೆ ಇದು 0.20ರಿಂದ 0.30 ಮಿಮೀ, 14ಡಬ್ಲ್ಯೂಗೆ 0.05ರಿಂದ 0.20 ಮಿಮೀ. ಡಿಆರ್3ಎಯಲ್ಲಿ ಒತ್ತುಸ್ಕ್ರೂವನ್ನು ತಡೆ ಸಿಗುವವರೆಗೆ ತಿರುಗಿಸಿ, ಕಾಲು ಸುತ್ತು ಹಿಂದಕ್ಕೆ ಬಿಟ್ಟು, ನಟ್ ಬಿಗಿದರೆ ಸರಿಯಾಗುತ್ತದೆ. ಸಡಿಲವೇ ಇಲ್ಲದಿದ್ದರೆ ದಂಡ ಒತ್ತಿಕೊಂಡು ಕರೆಂಟು ಏರುತ್ತದೆ, ವೇಗ ಇಳಿಯುತ್ತದೆ, ಮೋಟಾರು ಬಿಸಿಯಾಗುತ್ತದೆ. ಅತಿಯಾದರೆ ಪ್ರತಿ ಬಾರಿ ವೈಪರು ಹೊರಳುವಾಗಲೂ ಟಕ್ ಎಂಬ ಸದ್ದು ಬರುತ್ತದೆ. ಸುಟ್ಟಿದೆ ಎಂದು ಮೂಲೆಗೆ ಎಸೆಯುವ ಮುನ್ನ ಈ ಸ್ಕ್ರೂವನ್ನಾದರೂ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಬುಷ್ಷುಗಳಿಗೆ ಶೆಲ್ ಟರ್ಬೊ 41 ಎಣ್ಣೆ, ಹಲ್ಲುಚಕ್ರ ಮತ್ತು ರ‍್ಯಾಕಿಗೆ ರಾಗೊಸಿನ್ ಲಿಸ್ಟೇಟ್ ಗ್ರೀಸು ಎಂದು ಕೈಪಿಡಿ ಹೆಸರಿಸಿದೆ. ಈಗ ತೆಳು ಟರ್ಬೈನ್ ಎಣ್ಣೆ ಮತ್ತು ಒಳ್ಳೆಯ ಲಿಥಿಯಂ ಗ್ರೀಸು ಸಾಕು. ಬುಷ್ಷಿನ ಸುತ್ತಲಿನ ಉಣ್ಣೆಬಟ್ಟೆಯ ಬಿಲ್ಲೆ ಎಣ್ಣೆಯಲ್ಲಿ ಚೆನ್ನಾಗಿ ನೆನೆಯಬೇಕು, ದಂಡಕ್ಕೆ ಮಾತ್ರ ಸವರಿದರೆ ಸಾಕು. ಹೆಚ್ಚಾದ ಎಣ್ಣೆ ಕಮ್ಯುಟೇಟರಿಗೆ ಹರಿದು ಕಾರ್ಬನ್ ಪುಡಿಯ ಜತೆ ಕೆಸರಾಗುತ್ತದೆ.

ಫ್ಯೂಸಿನ ಬಗ್ಗೆ ಒಂದು ಮಾತು. ಈ ಕಾರುಗಳ ಫ್ಯೂಸಿನ ಮೇಲೆ 35 ಆಂಪಿಯರ್ ಎಂದಿರುವುದು ಹಳೆಯ ಬ್ರಿಟಿಷ್ ಪದ್ಧತಿಯಂತೆ ಅದು ಸುಟ್ಟುಹೋಗುವ ಕರೆಂಟು. ನಿರಂತರವಾಗಿ ತಡೆದುಕೊಳ್ಳುವುದು ಅದರ ಅರ್ಧದಷ್ಟು, 17 ಆಂಪಿಯರ್ ಮಾತ್ರ. ಅಂಕಿ ನೋಡಿ ಈಗಿನ ಮಾದರಿಯ 35 ಆಂಪಿಯರ್ ಫ್ಯೂಸ್ ಹಾಕಿದರೆ ಮೋಟಾರು ಬಿಗಿದು ನಿಂತಾಗ ಫ್ಯೂಸಿಗಿಂತ ಮೊದಲು ವೈರು ಬೇಯುತ್ತದೆ. ಇದು ಬೆಂಕಿಯ ಅಪಾಯ.

ಹಳೆಯ ಎಂಜಿಬಿಗೆ 14ಡಬ್ಲ್ಯೂ ಕೂರಿಸುವವರು ಹಲವರಿದ್ದಾರೆ. ಎರಡು ವೇಗ ಬೇಕೆಂದರೆ ಅದು ಒಪ್ಪತಕ್ಕ ಮಾರ್ಗವೇ. ಆದರೆ ಅರ್ಥಿನ ಕಡೆ ಕೂತ ಹಳೆಯ ಸ್ವಿಚ್ಚು ಅದಕ್ಕೆ ಒಗ್ಗುವುದಿಲ್ಲ, ಸ್ವಿಚ್ಚು ಮತ್ತು ವೈರಿಂಗ್ ಎರಡನ್ನೂ ಬದಲಿಸಬೇಕು. ನಿಧಾನವೆಂಬ ಒಂದೇ ಕಾರಣಕ್ಕೆ ಬದಲಿಸುವುದು ಮಾತ್ರ ನನ್ನ ಮಟ್ಟಿಗೆ ಅನಗತ್ಯ. ನಮ್ಮಲ್ಲೂ ಈ ಕೆಲಸಕ್ಕೆ ಬೇಕಾದ ಕೈಗಳಿವೆ. 1960ರ ದಶಕದ ಆರಂಭದಲ್ಲಿ ಮದ್ರಾಸಿನಲ್ಲಿ ಲ್ಯೂಕಾಸ್-ಟಿವಿಎಸ್ ಆರಂಭವಾದಂದಿನಿಂದ ಲ್ಯೂಕಾಸ್ ಪದ್ಧತಿಯ ಡೈನಮೋ, ಸ್ಟಾರ್ಟರ್, ವೈಪರ್ ಮೋಟಾರುಗಳು ದಕ್ಷಿಣ ಭಾರತದ ಆಟೋ ಎಲೆಕ್ಟ್ರಿಷಿಯನ್ನರಿಗೆ ಪರಿಚಿತ. ಆರ್ಮೇಚರ್ ವೈಂಡಿಂಗ್ ಮಾಡುವ ಅಂಗಡಿಗಳು ಕರ್ನಾಟಕದ ಸಣ್ಣ ಊರುಗಳಲ್ಲೂ ಇವೆ.

ಮೋಟಾರನ್ನು ಬದಲಿಸುವವರಲ್ಲಿ ಒಂದು ಮನವಿ. ಹಳೆಯ ಮೋಟಾರಿನ ಮೈಮೇಲೆ ಅದರ ಮಾದರಿ ಸಂಖ್ಯೆಯನ್ನೂ ತಯಾರಾದ ಕಾಲವನ್ನೂ ಲ್ಯೂಕಾಸ್ ಅಚ್ಚೊತ್ತಿರುತ್ತದೆ; ದೊಡ್ಡ ಹಲ್ಲುಚಕ್ರದ ಮೇಲೆ ವೈಪರು ಎಷ್ಟು ಡಿಗ್ರಿ ಹೊರಳಬೇಕೆಂಬ ಅಂಕಿಯೂ ಇರುತ್ತದೆ. ಬೇರೆ ಅಂಕಿಯ ಚಕ್ರ ಹಾಕಿದರೆ ವೈಪರು ಗಾಜಿನ ಅಂಚಿಗೆ ಬಡಿಯುತ್ತದೆ ಅಥವಾ ಮೂಲೆಯನ್ನು ಒರೆಸದೆ ಬಿಡುತ್ತದೆ. ಬಿಚ್ಚಿದ ದಿನವೇ ಈ ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಹಳೆಯ ಮೋಟಾರನ್ನು ಗುಜರಿಗೆ ಹಾಕದೆ ಕಾರಿನ ಜತೆಯಲ್ಲೇ ಇಡಿ.